ಜೋಗಿಮಟ್ಟಿಯ ಹಕ್ಕಿ ಮಹಜರು

ಮದುವೆಯಾಗಿ ಹೊಳಲ್ಕೆರೆಗೆ ಬಂದ ಮೊದಲ ಎರಡು ವರ್ಷ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಬಾಗಿಲ ತನಕ ಹೋಗಬೇಕು, ಬಾಗಿಲಿಗೆ ಹೋದರೆ ಬೀದಿಯ ಕೊನೆ ನೋಡಬೇಕು. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಪೋಸ್ಟ್‌ಮ್ಯಾನ್ ನಮ್ಮ ಬೀದಿಗೆ ಬರುತ್ತಿದ್ದುದು ಹನ್ನೊಂದಕ್ಕೆ. ನಾನು ಒಂಬತ್ತಕ್ಕೇ ಹೊಸ್ತಿಲ ಮೇಲೆ. ಅನ್ನಕ್ಕಿಟ್ಟು ಬಂದು ನಿಂತರೆ ಒಳಗೆ ಅನ್ನ ಸೀದುಹೋಗುತ್ತಿತ್ತು. ಅತ್ತೆ ಸೌಟು ಹಿಡಿದೇ ಹೊರಗೆ ಬಂದು, "ಇವಳ ಕಾಲಿಗೆ ಯಾರು ಚಕ್ರ ಕಟ್ಟಿ ಕಳಿಸ್ಯಾರೋ ಕಾಣೆ" ಅನ್ನುತ್ತಿದ್ದರು. ಬೈಗುಳದಲ್ಲಿ ನಿಜ ಇದ್ದರೆ ನನಗೆ ಸಿಟ್ಟು ಜಾಸ್ತಿ ಬರುತ್ತದೆ. ಆಗಲೂ ಬರುತ್ತಿತ್ತು.

ಆ ಮನೆಯಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡ ಇನ್ನೊಬ್ಬರಿದ್ದರು, ನನ್ನ ಮಾವ. ಸರ್ವೆ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ತಾಲ್ಲೂಕುಗಳ ಬೆದ್ದಲು, ಗೋಮಾಳ, ಗುಡ್ಡದ ಬುಡ ಎಲ್ಲವನ್ನೂ ಸರಪಳಿ ಎಳೆದು ಅಳೆದವರು. ಸರಪಳಿ ಹಿಡಿಯುವ ಆಳುಗಳು ಬರುವುದು ತಡವಾದಾಗ ಬದುವಿನ ಮೇಲೆ ಕೂತು ಹಕ್ಕಿ ನೋಡುತ್ತಿದ್ದರಂತೆ. ಹಾಗೆ ಹತ್ತಿದ ಚಟ ನಿವೃತ್ತಿಯ ಮೇಲೆ ಪೂರ್ತಿ ಹೊತ್ತಿನದಾಯಿತು. ಮಿಲಿಟರಿಯಿಂದ ಬಂದವರೊಬ್ಬರಿಂದ ಕೊಂಡ ಹಳೆಯ ದುರ್ಬೀನು, ಹಕ್ಕಿಗಳ ಚಿತ್ರವಿದ್ದ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಅದರ ಪ್ರತಿ ಚಿತ್ರದ ಕೆಳಗೂ ಪೆನ್ಸಿಲಿನಲ್ಲಿ ಬರೆದ ಕನ್ನಡದ ಹೆಸರು. ಇಷ್ಟೇ ಅವರ ಆಸ್ತಿ.

ಒಂದು ಶನಿವಾರ ಪೋಸ್ಟ್‌ಮ್ಯಾನ್ ನಮ್ಮ ಮನೆ ದಾಟಿ ಮುಂದೆ ಹೋದ ಮೇಲೂ ನಾನು ಹೊಸ್ತಿಲು ಬಿಟ್ಟು ಅಲುಗಾಡಲಿಲ್ಲ. ಮಾವ ಹಿಂದಿನಿಂದ ಬಂದು, "ಹೊಸ್ತಿಲು ಸವೆದೋಗ್ತೈತಮ್ಮ. ನಾಳೆ ಭಾನ್ವಾರ, ಮಾರಿಕಣಿವೆ ಕಡೆ ಹೋಗಾಣ ಬಾ. ನಿಮ್ಮಪ್ಪನ ಮನೇನೂ ನೋಡಿದಂಗಾತು, ಹಕ್ಕಿನೂ ನೋಡಿದಂಗಾತು" ಅಂದರು. ನನ್ನ ತವರು ಹಿರಿಯೂರು. ಹುಟ್ಟಿದಾಗಿನಿಂದ ಮಾರಿಕಣಿವೆಯ ಅಣೆಕಟ್ಟು ನೋಡಿದ್ದೆ, ಅದರ ಪಾರ್ಕಿನಲ್ಲಿ ಜಾರುಬಂಡೆ ಆಡಿದ್ದೆ. ಅಲ್ಲಿ ಹಕ್ಕಿ ಇವೆ ಎಂಬುದು ಗೊತ್ತಿರಲಿಲ್ಲ. ಮಾಗಿಯ ಚಳಿಯಲ್ಲಿ ನೀರಿನ ಮೇಲೆ ಮಂಜು ಎದ್ದಿತ್ತು. ಮಂಜು ಸರಿದಂತೆ ಕಪ್ಪು ಚುಕ್ಕೆಗಳು ಬಾತುಗಳಾದವು. ಮಾವ ಒಂದೊಂದನ್ನೇ ಹೆಸರಿಟ್ಟು ಕರೆದರು, ಹಳ್ಳಿಗೆ ಹೋದಾಗ ನೆಂಟರನ್ನು ಪರಿಚಯ ಮಾಡಿಕೊಡುವ ಹಾಗೆ.

ಅಲ್ಲಿಂದ ನಮ್ಮ ಚಳಿಗಾಲದ ಭಾನುವಾರಗಳು ಹೊರಗೇ ಕಳೆದವು. ಒಂದು ವಾರ ರಾಮಗಿರಿ ಗುಡ್ಡ, ಒಂದು ವಾರ ಚಂದ್ರವಳ್ಳಿ, ಒಂದು ವಾರ ಹೊಸದುರ್ಗದ ಕಡೆಯ ಕುರುಚಲು. ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿ, ಗಂಡನ ಹಳೆಯ ಕ್ಯಾನ್ವಾಸ್ ಶೂಗೆ ಹತ್ತಿ ತುರುಕಿ ಹಾಕಿಕೊಂಡು ಹೊರಡುತ್ತಿದ್ದೆ. ಮಾವನ ಜೊತೆ ಸೊಸೆ ಶೂ ಹಾಕಿಕೊಂಡು ಬೆಳಿಗ್ಗೆ ಆರಕ್ಕೇ ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಅತ್ತೆ ಅವರಿಗೆಲ್ಲ ಒಂದೇ ಉತ್ತರ ಇಟ್ಟುಕೊಂಡಿದ್ದರು: "ಇಬ್ರಿಗೂ ಹುಚ್ಚು. ಒಬ್ರಿಗೊಬ್ರು ಕಾವಲು." ಹಾಗಂದವರೇ ಸಜ್ಜೆರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಡುತ್ತಿದ್ದರು.

ನಾನು ಒಳ್ಳೆಯ ಶಿಷ್ಯೆಯಾಗಿರಲಿಲ್ಲ. ಮಾವ ಹೆಜ್ಜೆ ಎಣಿಸಿಕೊಂಡು ನಡೆಯುವವರು, ಅದು ಕಸುಬಿನಿಂದ ಬಂದದ್ದು. ನೂರು ಹೆಜ್ಜೆಗೆ ಒಮ್ಮೆ ನಿಂತು ಸುತ್ತ ನೋಡುವರು. ನಾನು ಅಷ್ಟರಲ್ಲಿ ಮುಂದಿನ ತಿರುವು ದಾಟಿ ಪೊದೆಯ ಗೌಜಲಕ್ಕಿಗಳನ್ನೆಲ್ಲ ಭರ್ರೆಂದು ಎಬ್ಬಿಸಿರುತ್ತಿದ್ದೆ. "ನೀನು ಹಕ್ಕಿ ನೋಡಾಕೆ ಬಂದೀಯೋ ಓಡ್ಸಾಕೆ ಬಂದೀಯೋ?" ಎಂದು ಅವರು ದೂರದಿಂದ ಕೂಗುತ್ತಿದ್ದರು. ನನಗೆ ಹಕ್ಕಿಗಿಂತ ನಡಿಗೆ ಬೇಕಿತ್ತು. ನಡೆಯುವಾಗ ಮಾತ್ರ ಆ ಕೆಲಸದ ಕಾಗದದ ಯೋಚನೆ ಎದೆಯ ಮೇಲಿಂದ ಸ್ವಲ್ಪ ಸರಿಯುತ್ತಿತ್ತು.

ಮನೆಗೆ ಬಂದ ಮೇಲೆ ಮಹಜರು. ಹಕ್ಕಿ ನೋಡುವ ಎಲ್ಲರೂ ಪಟ್ಟಿ ಬರೆಯುತ್ತಾರೆ, ಮಾವ ಮಾತ್ರ ಮಹಜರು ಬರೆಯುತ್ತಿದ್ದರು. ಜಮೀನಿನ ಸ್ಥಳ ಪರಿಶೀಲನೆ ಮಾಡಿ ಸರ್ಕಾರಿ ಕಾಗದದಲ್ಲಿ ಹೇಗೆ ಬರೆಯುತ್ತಿದ್ದರೋ ಹಾಗೆಯೇ. ಉದ್ದನೆಯ ಗೆರೆ ಪುಸ್ತಕ. ಮೇಲೆ ಸ್ಥಳ, ಹೊತ್ತು. ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡೆ, ಉತ್ತರಕ್ಕೆ ಕಾಲುದಾರಿ, ದಕ್ಷಿಣಕ್ಕೆ ಕಾರೆಗಿಡದ ಮೆಳೆ. ಅದರ ನಡುವೆ ಕಂಡ ಹಕ್ಕಿ. ಕೊನೆಯಲ್ಲಿ, 'ಈ ಕೆಳಗೆ ಸಹಿ ಮಾಡಿದ ಪಂಚರಾದ ನಾವು ಮೇಲ್ಕಂಡ ಹಕ್ಕಿಯನ್ನು ಖುದ್ದು ಕಣ್ಣಾರೆ ನೋಡಿರುತ್ತೇವೆ.' ಕೆಳಗೆ ಪಂಚರ, ಅಂದರೆ ಸಾಕ್ಷಿಗಳ, ಎರಡು ಸಹಿ. ಒಂದು ಅವರದು, ಒಂದು ನನ್ನದು. ಇಬ್ಬರು ನೋಡದ ಹಕ್ಕಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಮೊದಲ ಸಲ ನನಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ.

ಅದಕ್ಕೆ ಕಾರಣವನ್ನು ಅವರು ರಾಮಗಿರಿಯ ಮೆಟ್ಟಿಲ ಮೇಲೆ ಕೂತು ಒಮ್ಮೆ ಹೇಳಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗಡಿಕಲ್ಲಿನ ತಕರಾರು. ಬಿಸಿಲು ಜೋರಿತ್ತು ಎಂದು ಇವರು ಜಾಗಕ್ಕೆ ಹೋಗದೆ ಚಾದಂಗಡಿಯಲ್ಲೇ ಕೂತು ಮಹಜರು ಬರೆದರು. ಬೆಂಚಿನ ಮೇಲಿದ್ದ ಇಬ್ಬರು ಪಂಚರು ಚಾ ಕುಡಿಯುತ್ತಲೇ ಸಹಿ ಹಾಕಿದರು. ಕಾಗದದಲ್ಲಿದ್ದ ಕಲ್ಲು ನೆಲದಲ್ಲಿರಲಿಲ್ಲ. ಒಬ್ಬ ಹೆಣ್ಣುಮಗಳಿಗೆ ಬಾವಿಗೆ ಹೋಗುವ ದಾರಿ ಶಾಶ್ವತವಾಗಿ ತಪ್ಪಿಹೋಯಿತು. "ನಾನು ಆ ಕಡೆ ಸರ್ವೆಗೆ ಹೋದಾಗೆಲ್ಲ ಆಯಮ್ಮ ಕೊಡ ಹೊತ್ಕಂಡು ಊರು ಸುತ್ತಿ ಬರೋದು ಕಾಣ್ತಿತ್ತು. ಒಂದು ಮಾತು ಬೈಯ್ಲಿಲ್ಲ ನೋಡು ಆಕೆ" ಅಂದರು ಮಾವ. ನಾನು ಆ ಹೊತ್ತಿಗೆ ಮೆಟ್ಟಿಲಿಳಿದು ಹೋಗುವ ಅವಸರದಲ್ಲಿದ್ದೆ. ಕೇಳಿಸಿಕೊಂಡೆ, ಅಷ್ಟೆ.

ಆಮೇಲಿನ ಚಳಿಗಾಲದಲ್ಲಿ ಆಯ್ಕೆ ಪಟ್ಟಿಯನ್ನು ಚಿತ್ರದುರ್ಗದ ಆಫೀಸಿನ ಬೋರ್ಡಿಗೆ ಮಧ್ಯಾಹ್ನ ಹನ್ನೆರಡಕ್ಕೆ ಅಂಟಿಸುತ್ತಾರೆಂದು ಸುದ್ದಿ ಬಂತು. ಮನೆಯಲ್ಲಿ ಕಾಯುವುದು ನನ್ನಿಂದ ಆಗದ ಮಾತು ಎಂದು ಮಾವನಿಗೆ ಗೊತ್ತಿತ್ತು. "ಬೆಳಿಗ್ಗೆನೇ ಹೊಂಡಾಣ. ಜೋಗಿಮಟ್ಟಿ ಹತ್ತಿ ಇಳಿಯೋದ್ರಾಗೆ ಹನ್ನೆರಡಾಗ್ತೈತೆ" ಅಂದರು. ಮೊದಲ ಬಸ್ಸಿಗೆ ಹೋಗಿ, ಆಟೋದಲ್ಲಿ ಆಡುಮಲ್ಲೇಶ್ವರದ ತನಕ ಹೋಗಿ, ಅಲ್ಲಿಂದ ಗುಡ್ಡ ಹತ್ತಿದೆವು. ಅಲ್ಲಿನ ಪುಟ್ಟ ಮೃಗಾಲಯದ ಜಿಂಕೆಗಳು ಇನ್ನೂ ಮಲಗಿದ್ದವು. ಚಳಿಗಾಳಿ ಕಿವಿ ಕೊಯ್ಯುತ್ತಿತ್ತು. ನನಗೆ ಚಳಿಯೂ ಗೊತ್ತಾಗುತ್ತಿರಲಿಲ್ಲ, ಹಸಿವೂ ಗೊತ್ತಾಗುತ್ತಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ವಾಚು ನೋಡುತ್ತಿದ್ದೆ.

ಮಾವ ವರ್ಷಗಳಿಂದ ಹುಡುಕುತ್ತಿದ್ದ ಹಕ್ಕಿ ಒಂದಿತ್ತು. ತಲೆಯ ಮೇಲೆ ಜುಟ್ಟಿರುವ ಪಿಕಳಾರ ಎಲ್ಲರ ಹಿತ್ತಲಿಗೂ ಬರುತ್ತದೆ. ಅದರ ದಾಯಾದಿ ಹಳದಿ ಕೊರಳಿನ ಪಿಕಳಾರ. ಬಂಡೆಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇರುವುದಿಲ್ಲ, ಇದ್ದರೂ ಮನುಷ್ಯರಿಗೆ ಮುಖ ತೋರಿಸುವುದಿಲ್ಲ. ನಮ್ಮ ದುರ್ಗದ ಗುಡ್ಡಗಳಲ್ಲಿ ಅದು ಇರಲೇಬೇಕು ಎಂದು ಅವರ ವಾದ. ಅರ್ಧ ಹತ್ತಿದ ಮೇಲೆ ಒಂದು ಸೀಳುಬಂಡೆಯ ಎದುರು ಅವರು ಥಟ್ಟನೆ ನಿಂತು ಕೈ ಎತ್ತಿದರು.

"ಅಗಾ, ಬಂಡೆ ಮ್ಯಾಗಳ ಬಸರಿ ಗಿಡದಾಗೆ. ಹಳದಿ. ಕಾಣ್ತೇನಮ್ಮ?"

ನಾನು ವಾಚು ನೋಡುತ್ತಿದ್ದೆ. ಹತ್ತೂ ಕಾಲು. ಇನ್ನು ಇಲ್ಲಿ ಕೂತರೆ ಗಂಟೆಗಟ್ಟಲೆ ಕೂರುತ್ತಾರೆ ಅಂದುಕೊಂಡೆ. ತಲೆ ಎತ್ತುವ ಮೊದಲೇ ಬಾಯಿ ಮಾತಾಡಿತು.

"ಕಾಣ್ತು ಮಾವ."

"ಕೊರಳು ನೋಡ್ದಾ?"

"ಹಳದಿ. ಪೂರ್ತಿ ಹಳದಿ. ಈಗ ಹಾರೋಯ್ತು. ಹೋಗಾಣ ಬರ್ರಿ."

ತಲೆ ಎತ್ತಿದಾಗ ಬಸರಿ ಗಿಡದಲ್ಲಿ ಗಾಳಿಯನ್ನು ಬಿಟ್ಟು ಬೇರೇನೂ ಇರಲಿಲ್ಲ. ಮಾವನ ಮುಖ ನೋಡಬೇಕಿತ್ತು. ಅಷ್ಟು ವಯಸ್ಸಿನವರು ಅಷ್ಟು ಹಿಗ್ಗುವುದನ್ನು ನಾನು ಕಂಡಿರಲಿಲ್ಲ. ಆ ಹಿಗ್ಗಿನಲ್ಲೇ ಅವರು ನನ್ನ ಹಿಂದೆ ಸರಸರ ಗುಡ್ಡ ಇಳಿದು ಬಂದರು.

ಪಟ್ಟಿಯಲ್ಲಿ ನನ್ನ ಹೆಸರು ಇತ್ತು, ಕೆಳಗಿನಿಂದ ಮೂರನೆಯದು. ಬೋರ್ಡಿನ ಗಾಜಿಗೆ ಹಣೆ ತಾಗಿಸಿ ಅತ್ತುಬಿಟ್ಟೆ. ಮಾವ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು. ಅವತ್ತು ಸಂಜೆ ಅವರು ಮಹಜರು ಬರೆದು ಪುಸ್ತಕ ಮುಂದೆ ಇಟ್ಟಾಗ ನಾನು ಅತ್ತೆಗೆ ಮೊದಲ ಸಂಬಳದಲ್ಲಿ ಕೊಡಿಸುವ ಸೀರೆಯ ಬಣ್ಣ ಕೇಳುತ್ತಿದ್ದೆ. ಓದದೆ ಸಹಿ ಹಾಕಿದೆ.

ನನಗೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯ ಸ್ಕೂಲು ಸಿಕ್ಕಿತು. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಕೆಲಸ ಸಿಕ್ಕರೆ ಕಾಲು ನಿಲ್ಲುತ್ತದೆ ಅಂದುಕೊಂಡಿದ್ದೆ, ನಿಲ್ಲಲಿಲ್ಲ. ಅದಕ್ಕೆ ಕಾರಣ ಆ ಬಸರಿ ಗಿಡ. ಮಾವ ಸುಮ್ಮನಿರದೆ ಚಂದ್ರವಳ್ಳಿಯಲ್ಲಿ ಪರಿಚಯವಾಗಿದ್ದ ಒಬ್ಬ ಕಾಲೇಜು ಮೇಷ್ಟ್ರಿಗೆ ಕಾಗದ ಬರೆದುಬಿಟ್ಟಿದ್ದರು. ವಯಸ್ಸಿನ್ನೂ ಚಿಕ್ಕದು, ಹಕ್ಕಿಗಳ ವಿಷಯ ತಿಳಿದವರು, ಉದ್ದ ಲೆನ್ಸಿನ ಕ್ಯಾಮೆರಾ ಇದ್ದವರು. ಕಾಗದ ನೋಡಿದ್ದೇ ಓಡಿಬಂದರು. ಮೂರು ಭಾನುವಾರ ನಾವು ಮೂವರೂ ಅದೇ ಸೀಳುಬಂಡೆಯ ಎದುರು ಕೂತೆವು. ಮುಳ್ಳಿನ ಮೇಲೆ ಕೂತ ಹಾಗೆ ನಾನು ಕೂತೆ. ಕೆಂಪು ಮೀಸೆಯ ಪಿಕಳಾರ ಬಂತು, ಮಡಿವಾಳ ಹಕ್ಕಿ ಬಂತು, ಬೇಕಾದದ್ದು ಬರಲಿಲ್ಲ.

ಮೂರನೆಯ ಭಾನುವಾರ ಮೇಷ್ಟ್ರು ಬಹಳ ಮರ್ಯಾದೆಯಿಂದಲೇ, "ಸರ್, ಬಿಳಿ ಹುಬ್ಬಿನ ಪಿಕಳಾರ ಇದ್ದಿರಬಹುದು. ಬಿಸಿಲಿಗೆ ಅದೂ ಹಳದಿ ಥರ ಕಾಣುತ್ತೆ" ಅಂದರು.

"ಒಬ್ರು ನೋಡಿದ್ರೆ ಹಂಗನ್ಬೋದು. ಇಬ್ರು ನೋಡೀವ್ರಿ. ನಮ್ಮ ಸೊಸೆ ಕಣ್ಣು ನನ್ನ ಕಣ್ಣಿಗಿಂತ ಚುರುಕು, ಕೇಳ್ರಿ ಬೇಕಾದ್ರೆ" ಅಂದರು ಮಾವ.

ಮೇಷ್ಟ್ರು ನನ್ನ ಕಡೆ ತಿರುಗಿ, "ಕೊರಳು ನೋಡಿದ್ರಾ ಮೇಡಂ?" ಎಂದು ಕೇಳಿದರು. ಆಗಲೇ ಹೇಳಬಹುದಿತ್ತು. ಹೊರಗಿನವರ ಎದುರು ಮಾವನ ಮರ್ಯಾದೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೋಗುತ್ತಿದ್ದುದು ನನ್ನ ಮರ್ಯಾದೆ. "ನೋಡಿದೆ" ಅಂದೆ.

ಮೇಷ್ಟ್ರು ಮತ್ತೆ ಬರಲಿಲ್ಲ. ಮಾವ ಬಿಡಲಿಲ್ಲ. ಮುಂದಿನ ಚಳಿಗಾಲ ಪೂರ್ತಿ, ನಾನು ಸ್ಕೂಲಿಗೆ ಹೋದ ದಿನಗಳಲ್ಲೂ, ಒಬ್ಬರೇ ಜೋಗಿಮಟ್ಟಿಗೆ ಹೋಗತೊಡಗಿದರು. ಮನುಷ್ಯ ಸೊರಗಿದರು. ನನಗೆ ಊಟ ಸೇರುತ್ತಿರಲಿಲ್ಲ. ಕ್ಲಾಸಿನಲ್ಲಿ ಪಾಠ ಮಾಡುತ್ತ ಕಿಟಕಿಯಿಂದ ಕಿಟಕಿಗೆ ನಡೆಯುತ್ತಿದ್ದೆ. ಹೇಳಬೇಕು ಎಂದು ಬಸ್ಸಿನಲ್ಲಿ ದಿನಾ ಮಾತು ಜೋಡಿಸುವುದು, ಮನೆಗೆ ಬಂದು ಅವರ ಚೀಲದಲ್ಲಿದ್ದ ದುರ್ಬೀನು ಕಂಡ ಕೂಡಲೇ ನುಂಗುವುದು. ಒಂದು ಸಂಜೆ ಅವರು ಪ್ಯಾಂಟಿನ ಮಂಡಿ ಹರಿದು, ಅಂಗೈ ತರಚಿಕೊಂಡು ಬಂದರು. ಬಂಡೆ ಜಾರಿತಂತೆ. ಅತ್ತೆ ಅರಿಶಿನ ಮೆತ್ತುತ್ತ, "ಒಂದು ಗುಬ್ಬಿ ಗಾತ್ರದ ಹಕ್ಕಿ ಹಿಂದೆ ಬಿದ್ದು ಪ್ರಾಣ ಕಳ್ಕಂತೀರೇನ್ರಿ?" ಎಂದು ಅತ್ತರು. ನನ್ನ ಸುಳ್ಳು ಅವರ ಅಂಗೈಯಲ್ಲಿ ರಕ್ತವಾಗಿ ಕಾಣುತ್ತಿತ್ತು. ಇನ್ನೊಂದು ಸಲ ಜಾರಿದರೆ ಅಂಗೈಗೇ ಮುಗಿಯುತ್ತದೆ ಎಂದು ಯಾರು ಹೇಳಬಲ್ಲರು?

ಆ ಭಾನುವಾರ ಜೊತೆಗೆ ಹೋಗಿ, ಅದೇ ಬಂಡೆಯ ಎದುರು ಹೇಳಿದೆ.

"ಮಾವ, ನಾನು ಅವತ್ತು ನೋಡ್ಲಿಲ್ಲ."

"ಯಾವತ್ತು?"

"ಪಟ್ಟಿ ಹಾಕಿದ್ ದಿನ. ವಾಚ್ ನೋಡ್ತಿದ್ದೆ. ಲೇಟಾಗ್ತೈತೆ ಅಂತ ಸುಳ್ಳು ಹೇಳ್ದೆ."

ಅವರು ಕನ್ನಡಕ ತೆಗೆದು ಶರ್ಟಿನ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಬೈಯಲಿ ಎಂದು ಕಾದೆ.

"ನಾನೂ ನೋಡ್ಲಿಲ್ಲ ಕಣಮ್ಮ" ಅಂದರು. "ಹಳದಿ ಅಂತ ಏನೋ ಅಲ್ಲಾಡಿದಂಗಾತು. ಎಲೆನೋ ಹಣ್ಣೋ ಗೊತ್ತಾಗ್ಲಿಲ್ಲ. ಆಗ್ಲೇ ಒಂದು ವರ್ಸದಿಂದ ಕಣ್ಣು ಮಂಜು. ಮನೇಲಿ ಹೇಳಿದ್ರೆ ಗುಡ್ಡಕ್ಕೆ ಬಿಡಲ್ಲ ಅಂತ ಹೇಳ್ಲಿಲ್ಲ. ಅದ್ಕೇ ನಿನ್ನ ಕೇಳ್ದೆ. ನೀನು ಕೊರಳು ಸಮೇತ ಹೇಳ್ದೆ."

ಇಳಿಯುವಾಗ ಅವರು ಹೆಜ್ಜೆ ಎಣಿಸಲಿಲ್ಲ. ನಾನು ಮೊದಲ ಸಲ ಅವರ ಹಿಂದೆ ನಡೆದೆ.

ಸಂಜೆ ಪುಸ್ತಕ ತೆಗೆದರು. ಹಾಳೆ ಹರಿಯಲಿಲ್ಲ, ಹರಿಯುವುದು ಅವರ ಕಸುಬಿನಲ್ಲಿ ಇಲ್ಲ. ಆ ಮಹಜರಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: 'ಒಂದನೇ ಪಂಚರ ಕಣ್ಣಿಗೆ ಪೊರೆ ಇದ್ದು, ಎರಡನೇ ಪಂಚರು ನೋಡಿಯೇ ಇಲ್ಲದ ಕಾರಣ ಈ ಮಹಜರು ರದ್ದು.' ಅದರ ಕೆಳಗೆ ತಮ್ಮ ಸಹಿ ಹಾಕಿದರು. ನಾನು ಪೆನ್ನಿಗೆ ಕೈ ಚಾಚಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ನಿನ್ ಸಹಿ ಬ್ಯಾಡಮ್ಮ. ನಿನ್ ಸಹಿ ಬಿದ್ರೆ ಇದನ್ನೂ ಯಾರೂ ನಂಬಲ್ಲ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮಳೆ ಬರುತ್ತೆ ಕೊಡೆ ತಗೋ ಅನ್ನುವ ದನಿಯಲ್ಲಿ ಹೇಳಿದರು. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಮೇಷ್ಟ್ರಿಗೂ ಅವರೇ ಕಾಗದ ಬರೆದು ತಪ್ಪು ಒಪ್ಪಿಕೊಂಡರು. ಅದರಲ್ಲಿ ನನ್ನ ಹೆಸರಿನ ಸುದ್ದಿಯೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಎರಡೂ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅವರು ಮೊದಲು ನೋಡಿದ್ದು ಆಸ್ಪತ್ರೆಯ ಕಾಂಪೌಂಡಿನ ಕಾಗೆಯನ್ನು. "ಏನ್ ಕಪ್ಪು ಐತಲೇ ಇದು!" ಎಂದು ಬೆರಗಾದರು. ಚಳಿಗಾಲ ಬಂದದ್ದೇ ಹೊಸ ಪಂಚರ ನೇಮಕವಾಯಿತು: ಅತ್ತೆ. ನನಗೆ ನಂಬಲಾಗಲಿಲ್ಲ. ಅತ್ತೆಗೆ ಕಾಗೆ, ಕೋಳಿ ಬಿಟ್ಟರೆ ಬೇರೆ ಹಕ್ಕಿ ಗೊತ್ತಿರಲಿಲ್ಲ. "ಗೊತ್ತಿಲ್ದಿದ್ರೇನು? ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅಂತಾಳೆ" ಅಂದರು ಮಾವ. ಅತ್ತೆ ಮೊಣಕಾಲು ಹಿಡಿದುಕೊಂಡು, ಗೊಣಗುತ್ತ, ಮಾರಿಕಣಿವೆಯ ದಂಡೆಯಲ್ಲೂ ಚಂದ್ರವಳ್ಳಿಯ ಕೆರೆಯ ಏರಿಯ ಮೇಲೂ ದುರ್ಬೀನು ಹಿಡಿದು ನಿಂತರು. ಪ್ರತಿ ಮಹಜರಿಗೂ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು. ನಾನು ರೊಟ್ಟಿಯ ಚೀಲ ಹೊರುತ್ತಿದ್ದೆ.

ಮೂರು ಚಳಿಗಾಲ ಹಾಗೆ ಹೋಯಿತು. ಸ್ಕೂಲು ಬಿಟ್ಟ ಮೇಲೆ ಬಸ್ಸಿಗೆ ಇನ್ನೂ ಸಮಯವಿದ್ದರೆ ಊರಾಚೆಯ ಕೆರೆ ಕಡೆ ಒಬ್ಬಳೇ ನಡೆಯುತ್ತಿದ್ದೆ. ಏನೇನೋ ಕಂಡೆ. ಒಮ್ಮೆ ಗುಲಾಬಿ ಬಣ್ಣದ ಮೈನಾಗಳ ದೊಡ್ಡ ಹಿಂಡು ಸೂರ್ಯಕಾಂತಿ ಹೊಲದ ಮೇಲೆ ಎದ್ದು ಬಿದ್ದು ಎದ್ದು ಹಾರಿತು. ಓಡಿಹೋಗಿ ಮಾವನಿಗೆ ಹೇಳಬೇಕೆಂದು ಬಸ್ಸಿನಲ್ಲಿ ನಿಂತೇ ಬಂದೆ. ಹೇಳಿದೆ. "ಹೌದಾ, ಚಲೋ ಆತು" ಅಂದರು. ಪುಸ್ತಕದ ಕಡೆ ಕೈ ಹೋಗಲಿಲ್ಲ. ನನಗೆ ಆ ಪುಸ್ತಕದೊಳಗೆ ಮತ್ತೆ ಹೋಗಬೇಕಿತ್ತು. ಕೆಲಸದ ಕಾಗದಕ್ಕೆ ಕಾದದ್ದಕ್ಕಿಂತ ಜಾಸ್ತಿ ಅದಕ್ಕೆ ಕಾದೆ. ಇದನ್ನು ಹೇಳಿಕೊಂಡರೆ ಯಾರಾದರೂ ನಗುತ್ತಾರೆ ಎಂದು ಗಂಡನಿಗೂ ಹೇಳಲಿಲ್ಲ.

ಎರಡು ಸಾವಿರ ಇಸವಿ ದಾಟಿತ್ತು. ದುರ್ಗದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಎದ್ದು ನಿಂತಿದ್ದವು. ಒಂದು ಭಾನುವಾರ ಮೂವರೂ ಜೋಗಿಮಟ್ಟಿಗೆ ಹೊರಟೆವು. ಆಡುಮಲ್ಲೇಶ್ವರಕ್ಕೆ ಬರುವಷ್ಟರಲ್ಲಿ ಅತ್ತೆಗೆ ಮೊಣಕಾಲು ನೋವು. "ನಾನು ಇಲ್ಲೇ ಜಿಂಕೆ ನೋಡ್ಕಂಡು ಕುಂತಿರ್ತೀನಿ, ನೀವು ಹೋಗ್ಬರ್ರಿ" ಎಂದು ಬೆಂಚಿನ ಮೇಲೆ ಕೂತುಬಿಟ್ಟರು. ವರ್ಷಗಳ ಮೇಲೆ ನಾವಿಬ್ಬರೇ ಗುಡ್ಡ ಹತ್ತಿದೆವು. ಮಾವ ಈಗ ಐವತ್ತು ಹೆಜ್ಜೆಗೇ ನಿಲ್ಲುತ್ತಿದ್ದರು.

ಸೀಳುಬಂಡೆಯ ಹತ್ತಿರ ಅವರು ದುರ್ಬೀನು ಎತ್ತಿದವರು ಹಾಗೇ ಕಲ್ಲಾದರು. ಉಸಿರು ಬಿಡದೆ ನೋಡಿದರು. ಆಮೇಲೆ ದುರ್ಬೀನನ್ನು ನನ್ನ ಕೈಗೆ ಕೊಟ್ಟರು.

"ಅದೇ. ಕೊರಳು ಕಂಡ್ತು. ಈಗ ಆ ಎಲೆ ಹಿಂದಕ್ಕೆ ಹೋತು. ನೋಡು. ಕಾಣ್ತೇನಮ್ಮ?"

ನೋಡಿದೆ. ಬಸರಿಯ ಎಲೆ, ಬಂಡೆಯ ಬಿರುಕು, ಬಿಸಿಲು. ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಒಂದು ರೆಂಬೆ ಅಲ್ಲಾಡಿತು. ಹಕ್ಕಿ ಅಲ್ಲಾಡಿಸಿದ್ದೋ ಗಾಳಿ ಅಲ್ಲಾಡಿಸಿದ್ದೋ ಗೊತ್ತಾಗಲಿಲ್ಲ. ಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಈ ಸಲ ಅವರ ಕಣ್ಣು ಸರಿಯಿತ್ತು, ಅವರು ನೋಡಿದ್ದು ನಿಜ. 'ಹ್ಞೂಂ' ಎಂದು ನಾನು ಒಂದು ಸಲ ಅಂದರೆ ಸಾಕು, ಅವರು ಇಷ್ಟು ವರ್ಷ ಹುಡುಕಿದ ಹಕ್ಕಿ ಪುಸ್ತಕಕ್ಕೆ ಬರುತ್ತಿತ್ತು.

"ಇಲ್ಲ ಮಾವ. ನಂಗೆ ಕಾಣ್ಲಿಲ್ಲ."

"ಸರಿಯಾಗಿ ನೋಡು."

ನೋಡಿದೆ. "ಇಲ್ಲ."

ಅವರು ಬಂಡೆಗೆ ಒರಗಿ ಕೂತರು. ನಾನೂ ಕೂತೆ. ಹನ್ನೊಂದಾಯಿತು, ಹನ್ನೆರಡಾಯಿತು. ವಾಚು ನೋಡಲಿಲ್ಲ, ಬಿಸಿಲು ನೆತ್ತಿಗೆ ಬಂದದ್ದರಿಂದ ಗೊತ್ತಾಯಿತು. ಕಾಲು ಜೋಮು ಹಿಡಿದರೂ ಎದ್ದೇಳಲಿಲ್ಲ. ಹಕ್ಕಿ ಮತ್ತೆ ಬರಲಿಲ್ಲ. ಮೇಲೆ ಗಾಳಿಯಂತ್ರ ತಿರುಗುತ್ತಲೇ ಇತ್ತು. ಕೊನೆಗೆ ಮಾವನೇ, "ಹೋಗಾಣ ಏಳು, ನಿಮ್ಮತ್ತೆ ಕಾಯ್ತಿರ್ತಾಳೆ" ಅಂದರು. ಅವರ ಹಕ್ಕಿಯನ್ನು ನಾನೇ ಕಿತ್ತುಕೊಂಡ ಹಾಗೆ ನನಗೆ ಅನ್ನಿಸುತ್ತಿತ್ತು.

ಸಂಜೆ ಅವರು ಪುಸ್ತಕ ತೆಗೆದರು. ಸ್ಥಳ, ಹೊತ್ತು, ಚಕ್ಕುಬಂದಿ ಎಲ್ಲ ಬರೆದರು. ಅತ್ತೆ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂತಿದ್ದರು. ಬರೆದು ಮುಗಿಸಿ ಮಾವ ಗಟ್ಟಿಯಾಗಿ ಓದಿದರು: 'ಹಳದಿ ಕೊರಳಿನ ಪಿಕಳಾರ ಒಂದನೇ ಪಂಚರಿಗೆ ಕಂಡಿರುತ್ತದೆ. ಎರಡನೇ ಪಂಚರಿಗೆ ಕಂಡಿರುವುದಿಲ್ಲ. ಆದ ಕಾರಣ ಹಕ್ಕಿಯನ್ನು ದಾಖಲು ಮಾಡಿರುವುದಿಲ್ಲ.' ತಮ್ಮ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದರು.

"ಕಾಣ್ದೆ ಇದ್ದಿದ್ಕೂ ಸಹಿ ಬೇಕೇನ್ರಿ?" ಎಂದು ಅತ್ತೆ ಕೇಳಿದರು.

"ಅದ್ಕೇ ಮೊದ್ಲು ಬೇಕು" ಅಂದರು ಮಾವ.

ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಮೊದಲಿಂದ ಕೊನೆಯವರೆಗೆ ಒಂದೊಂದೇ ಸಾಲು ಓದಿದೆ. ಆಮೇಲೆ ಸಹಿ ಹಾಕಿದೆ.